ಸ್ವಿಚ್ ಬಿಡಿ, ಅರ್ಥಿಂಗ್ ನೋಡಿ

ಪ್ರಶ್ನೆ ಕೇಳಿದ ಇಳಕಲ್ಲಿನ ಓದುಗರೇ, ಹಾಡಿನ ಸೊಗಸು ಹೆಚ್ಚಲೆಂದು ದುಬಾರಿ ಆಡಿಯೊಫೈಲ್ ನೆಟ್‌ವರ್ಕ್ ಸ್ವಿಚ್ ಕೊಳ್ಳಬೇಡಿ. ಭೀಮಸೇನ ಜೋಶಿಯವರ ದನಿ ನಿಮ್ಮ ಸ್ಟ್ರೀಮರ್‌ಗೆ ಬರುವುದು ಪ್ಯಾಕೆಟ್‌ಗಳಾಗಿ. ಕೆಟ್ಟ ಪ್ಯಾಕೆಟ್ಟನ್ನು ಅದು ಮತ್ತೆ ತರಿಸಿಕೊಂಡು, ಬಫರಿನಲ್ಲಿ ಕೂಡಿಟ್ಟು, ಆಮೇಲೆ ನುಡಿಸುತ್ತದೆ. ನಡುವಿನ ಸ್ವಿಚ್ಚು ಮಾಧುರ್ಯ ಸೇರಿಸುವುದೆಲ್ಲಿಂದ? ಸಾಮಾನ್ಯ ಗಿಗಾಬಿಟ್ ಸ್ವಿಚ್ ಧಾರಾಳವಾಯಿತು.

ಪವರ್ ಸಪ್ಲೈ ಮಾತು ಸ್ವಲ್ಪ ಬೇರೆ. ಅಡಾಪ್ಟರ್ ಕಳಪೆಯಾಗಿದ್ದರೆ ಅನಲಾಗ್ ಭಾಗಕ್ಕೆ ಗದ್ದಲ ನುಸುಳಬಹುದು. ಆದರೆ ಪಕ್ಕದ ಗ್ರಾನೈಟ್ ಕಟಿಂಗ್ ಯಂತ್ರ ಓಡುವಾಗ ‘ಗುಂಯ್’ ಸದ್ದು ಹೆಚ್ಚುತ್ತದೆ ಅಂತೀರಿ. ಹಾಗಾದರೆ ನನ್ನ ಅನುಮಾನ ವೈರಿಂಗ್ ಮೇಲೆ. ಟಿವಿ ಕೇಬಲ್ ಕಳಚಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಅರ್ಥ್ ದಾರಿಗಳ ನಡುವೆ ಬಿದ್ದ ಸುತ್ತು. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ. ಕಲ್ಲುನೆಲದಲ್ಲಿ ಅರ್ಥಿಂಗ್ ಸರಿಯಾಗಿ ಸಿಗುವುದು ಕಷ್ಟ, ಎಲೆಕ್ಟ್ರೀಷಿಯನ್‌ರಿಂದ ಅಳೆಸಿ. ಸದ್ದು ನಿಲ್ಲಲೆಂದು ಅರ್ಥ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೆ ಅಪಾಯ.