ಗೆಣಸಿನ ಬಳ್ಳಿಯ ಬಂಗಾರದ ಹುಳು

ಗೆಣಸಿನ ಬಳ್ಳಿಯ ಎಲೆಗಳಲ್ಲಿ ದುಂಡು ದುಂಡಾದ ತೂತುಗಳು ಬಿದ್ದಿದ್ದರೆ ಮೊದಲು ಎಲೆಯನ್ನು ಮಗುಚಿ ನೋಡಬೇಕು. ಬಹುಪಾಲು ಸಲ ಆರೋಪಿ ಅಲ್ಲೇ ಕೂತಿರುತ್ತದೆ: ಬೆಳಗಿನ ಬಿಸಿಲಿಗೆ ಥಳಥಳ ಹೊಳೆಯುವ, ಅಂಚಿನ ಸುತ್ತ ಎಲೆಯ ಹಸಿರು ಆಚೆಗೆ ಕಾಣುವಷ್ಟು ತೆಳುವಾದ, ಪುಟ್ಟ ಬಂಗಾರದ ಹುಳು. ಮುಟ್ಟಲು ಹೋದರೆ ಓಡುವುದಿಲ್ಲ. ಕಾಲು, ಮೀಸೆ, ತಲೆ ಎಲ್ಲವನ್ನೂ ಚಿಪ್ಪಿನಡಿಗೆ ಎಳೆದುಕೊಂಡು ಎಲೆಗೆ ಒತ್ತಿಕೊಂಡುಬಿಡುತ್ತದೆ. ಇದೇ ಆಮೆ ದುಂಬಿ.

ತಾರಸಿ ತೋಟಗಳಲ್ಲಿ ಇದರ ಬಗ್ಗೆ ಎರಡು ಪಂಗಡಗಳಿವೆ. "ಅದು ಗುಲಗಂಜಿ ಹುಳ ಕಣ್ರೀ, ಹೇನು ತಿಂದು ಉಪಕಾರ ಮಾಡುತ್ತೆ, ಬಿಟ್ಬಿಡಿ" ಎನ್ನುವವರು ಒಂದು ಕಡೆ. ಯಾವುದೇ ತೂತು ಕಂಡರೂ ಸ್ಪ್ರೇ ಬಾಟಲಿ ಎತ್ತಿಕೊಳ್ಳುವವರು ಇನ್ನೊಂದು ಕಡೆ. ಗೆಣಸಿನ ಕುಂಡಗಳನ್ನು ಇಟ್ಟುಕೊಂಡು ಈ ಹುಳುವನ್ನು ನೋಡುತ್ತ ಬಂದ ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆದರೆ ಗುರುತು ಹಿಡಿಯುವಾಗ ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದೂ ಬಣ್ಣವೇ.

ಮೊದಲು ಕೇಳಬೇಕಾದ ಪ್ರಶ್ನೆ, ಹುಳು ಯಾವ ಗಿಡದ ಮೇಲಿದೆ? ಆಮೆ ದುಂಬಿಗಳು ಎಲೆ ದುಂಬಿಗಳ ದೊಡ್ಡ ಕುಟುಂಬವಾದ ಕ್ರೈಸೊಮೆಲಿಡೆಗೆ ಸೇರಿದವು; ಅದರೊಳಗೆ ಕ್ಯಾಸಿಡಿನೆ ಎಂಬ ಉಪಕುಟುಂಬ ಇವುಗಳದ್ದು. ಊಟದ ವಿಷಯದಲ್ಲಿ ಬಹಳ ಹಟಮಾರಿಗಳು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಹಲವು ಜಾತಿಗಳಿಗೆ ಗೆಣಸು ಮತ್ತು ಅದರ ಬಳಗದ ಬಳ್ಳಿಗಳೇ ಆಗಬೇಕು. ಬೇಲಿಯ ಮೇಲೆ ಹಬ್ಬುವ ಮಾರ್ನಿಂಗ್ ಗ್ಲೋರಿ, ಕೆರೆಯಂಚಿನಲ್ಲಿ ತಿಳಿನೇರಳೆ ಹೂ ಬಿಟ್ಟು ನಿಲ್ಲುವ ಐಪೋಮಿಯ ಪೊದೆ ಎಲ್ಲವೂ ಆ ಬಳಗವೇ. ಅದೇ ಹುಳುವನ್ನು ಪಕ್ಕದ ಕುಂಡದ ಬದನೆಗೆ ಬಿಟ್ಟರೆ ಅದು ತಿನ್ನುವ ಗೋಜಿಗೇ ಹೋಗುವುದಿಲ್ಲ. ಬದನೆ ಎಲೆಯ ಹಸಿರನ್ನೆಲ್ಲ ಕೆರೆದು ನರಗಳ ಬಲೆಯನ್ನಷ್ಟೇ ಉಳಿಸುವುದು ಬೇರೊಂದು, 28 ಚುಕ್ಕೆಗಳ ಹೆನೊಸೆಪಿಲಾಕ್ನಾ. ತಮಾಷೆಯೆಂದರೆ ಅದು ನಿಜವಾದ ಗುಲಗಂಜಿ ಹುಳುಗಳ ಕುಟುಂಬದ್ದೇ. ಗುಲಗಂಜಿ ಹುಳುಗಳೆಲ್ಲ ರೈತನ ಮಿತ್ರರು ಎಂಬ ಮಾತು ಅಲ್ಲಿ ಸುಳ್ಳಾಗುತ್ತದೆ.

ಎರಡನೆಯದು ಅಂಚು ಮತ್ತು ಮೀಸೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರವೊಂದಿದ್ದರೆ ಸಾಕು. ಆಮೆ ದುಂಬಿಯ ರೆಕ್ಕೆಚಿಪ್ಪು ಮೈಯನ್ನು ದಾಟಿ ಸುತ್ತಲೂ ಸೂರಿನಂತೆ ಚಾಚಿಕೊಂಡಿರುತ್ತದೆ; ಮುಂಭಾಗದ ಫಲಕ ತಲೆಯನ್ನೂ ಮುಚ್ಚುತ್ತದೆ. ಮೇಲಿನಿಂದ ನೋಡಿದಾಗ ತಲೆ ಕಾಣುವುದೇ ಇಲ್ಲ ಎಂದರೂ ನಡೆಯುತ್ತದೆ. ಗುಲಗಂಜಿ ಹುಳುವಿನದು ಉಬ್ಬಿದ ಬೆನ್ನು, ಮೋಟು ಮೀಸೆ, ಮೀಸೆಯ ತುದಿ ದಪ್ಪ. ಇದಕ್ಕೆ ಉದ್ದನೆಯ, ನವಿರಾದ ಮೀಸೆ. ನಡೆಯುವಾಗ ಅದನ್ನು ಮುಂದೆ ಆಡಿಸುತ್ತ ಹೋಗುತ್ತದೆ.

ಇನ್ನು ಮರಿಹುಳು. ಇದನ್ನು ಒಮ್ಮೆ ನೋಡಿದವರು ಮತ್ತೆ ಅನುಮಾನಪಡಲಾರರು. ಮೈಸುತ್ತ ಮುಳ್ಳುಗಳು, ಬಾಲದ ತುದಿಯಲ್ಲಿ ಕವಲುಕೋಲಿನಂಥ ಒಂದು ಅಂಗ. ಪೊರೆ ಕಳಚಿದಾಗಲೆಲ್ಲ ಹಳೆಯ ಚರ್ಮವನ್ನು ಬಿಸಾಡದೆ ಆ ಕವಲಿಗೆ ಸಿಕ್ಕಿಸಿಕೊಳ್ಳುತ್ತದೆ. ಅನೇಕ ಜಾತಿಗಳಲ್ಲಿ ಅದರ ಮೇಲೆ ತನ್ನ ಹಿಕ್ಕೆಯನ್ನೂ ಮೆತ್ತುತ್ತದೆ. ಗರಿಕೆಯ ತುದಿಯಿಂದ ಮೆಲ್ಲಗೆ ಕೆಣಕಿ ನೋಡಿ: ಬಾಲ ಮೇಲೇಳುತ್ತದೆ, ಕಪ್ಪು ಕಸದ ಕಂತೆ ಬೆನ್ನ ಮೇಲೆ ಬಾಗಿ, ಗರಿಕೆ ಯಾವ ಕಡೆಯಿಂದ ಬಂತೋ ಆ ಕಡೆಗೇ ಬೀಸುತ್ತದೆ. ಇರುವೆಗಳನ್ನು ದೂರವಿಡುವ ಗುರಾಣಿ ಅದು. ಎಲೆಯ ಮೇಲೆ ಸುಮ್ಮನೆ ಬಿದ್ದಿರುವಾಗ ಮಾತ್ರ ಹಕ್ಕಿ ಹಿಕ್ಕೆಯೆಂದು ಕಣ್ಣು ಹಾಯಿಸಿ ಮುಂದೆ ಹೋಗಿಬಿಡುತ್ತೇವೆ.

ಬಣ್ಣವನ್ನು ಏಕೆ ಕೊನೆಗಿಟ್ಟೆ? ಅದು ಸ್ಥಿರವಲ್ಲ, ಅದಕ್ಕೆ. ಆಗತಾನೆ ಹೊರಬಂದ ದುಂಬಿಗೆ ಹೊಳಪು ಇನ್ನೂ ಏರಿರುವುದಿಲ್ಲ. ಸತ್ತು ಒಣಗಿದರೆ ಬಂಗಾರವೆಲ್ಲ ಹೋಗಿ ಮಾಸಲು ಕಂದು ಉಳಿಯುತ್ತದೆ, ಡಬ್ಬಿಯಲ್ಲಿಟ್ಟು ತಜ್ಞರಿಗೆ ತೋರಿಸೋಣ ಎಂದುಕೊಂಡವರಿಗೆ ಹೀಗೆ ನಿರಾಸೆಯಾಗುವುದು ಮಾಮೂಲು. ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಚಿಪ್ಪಿನ ಒಳಪದರಗಳು ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ಬಂದದ್ದು, ಅದಕ್ಕೆ ತೇವ ಬೇಕು. ಪನಾಮಾದ ಚಾರಿಡೊಟೆಲ್ಲಾ ಎಗ್ರೀಜಿಯಾ ಎಂಬ ಆಮೆ ದುಂಬಿಯನ್ನು ಕೆಣಕಿದರೆ ಬಂಗಾರದಿಂದ ಕೆಂಪಿಗೆ ತಿರುಗುತ್ತದೆ. ಪದರಗಳಲ್ಲಿನ ದ್ರವ ಹಿಂಗಿದಾಗ ಕನ್ನಡಿಯಂತಿದ್ದ ಮೇಲ್ಮೈ ಪಾರದರ್ಶಕವಾಗಿ, ಅಡಿಯ ಕೆಂಪು ಹೊರಗೆ ತೋರುತ್ತದೆ ಎಂದು 2007ರಲ್ಲಿ ವಿಗ್ನೆರಾನ್ ಮತ್ತು ಸಂಗಡಿಗರು ವಿವರಿಸಿದರು. ಹೀಗಾಗಿ ಜೀವಂತ ಹುಳುವಿನ ಫೋಟೋವನ್ನೇ ತೆಗೆದಿಟ್ಟುಕೊಳ್ಳಬೇಕು: ಮೇಲಿನಿಂದ ಒಂದು, ಪಕ್ಕದಿಂದ ಒಂದು, ಗಿಡದ ಎಲೆ ಹೂ ಸಮೇತ ಇನ್ನೊಂದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಜಾತಿ ಹೇಳಬಲ್ಲವರು ಮೊದಲು ಕೇಳುವುದು ಅದನ್ನೇ.

ಹೀಗೆ ನೋಡಿದರೆ ಗೆಣಸಿನ ಬಳ್ಳಿಯ ಮೇಲೆಯೇ ಬೇರೆ ಬೇರೆ ಜಾತಿ ಸಿಗುತ್ತವೆ. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ, ಒಂದು ಸೆಂಟಿಮೀಟರಿಗಿಂತ ತುಸು ದೊಡ್ಡದು ಆಸ್ಪಿಡಿಮಾರ್ಫಾ ಮಿಲಿಯಾರಿಸ್. ಅದರ ಮೊಟ್ಟೆಗಳು ತೆಳು ಕಾಗದ ಮಡಿಸಿದಂಥ ಕಂದು ಪೊಟ್ಟಣದಲ್ಲಿರುತ್ತವೆ, ಮರಿಗಳು ಗುಂಪಾಗಿ ಮೇಯುತ್ತವೆ. 5 ಮಿಲಿಮೀಟರ್ ಆಸುಪಾಸಿನ ಹಸಿರು ಛಾಯೆಯದು ಕ್ಯಾಸಿಡಾ ಸರ್ಕಮ್‌ಡಾಟಾ. ಭಾರತದ ಆಮೆ ದುಂಬಿಗಳನ್ನು ಒಂದೆಡೆ ವಿವರಿಸಿದ ಎಸ್. ಮೌಲಿಕ್ ಅವರ ಸಂಪುಟ 1919ರಲ್ಲೇ ಬಂದಿದೆ. ಬೆಂಗಳೂರಿನವರಿಗೆ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ.

ಹುಳುವನ್ನು ಎಳೆದು ಕೀಳಲು ಹೋಗಬೇಡಿ, ಎಲೆಯೇ ಹರಿಯುತ್ತದೆ. ಅಮೆರಿಕದ ಹೆಮಿಸ್ಫೆರೋಟಾ ಸಯಾನಿಯಾ ಎಂಬ ಜಾತಿಯ ಪಾದಗಳಲ್ಲಿ ಒಟ್ಟು ಸುಮಾರು 60,000 ಅಂಟುರೋಮಗಳಿವೆ. ತನ್ನ ತೂಕದ ಸುಮಾರು 60 ಪಟ್ಟು ಎಳೆತವನ್ನು ಅದು ಎರಡು ನಿಮಿಷ ತಡೆದುಕೊಳ್ಳುತ್ತದೆ ಎಂದು ಥಾಮಸ್ ಐಸ್ನರ್ ಮತ್ತು ಅವರ ಸಹೋದ್ಯೋಗಿ 2000ದಲ್ಲಿ ತೋರಿಸಿದರು. ನಮ್ಮವು ಅಷ್ಟು ಗಟ್ಟಿಯಲ್ಲದಿದ್ದರೂ ಬಲವಂತಕ್ಕೆ ಬಗ್ಗುವುದಿಲ್ಲ. ಸುಮ್ಮನೆ ಕಾದರೆ ತಾನಾಗಿ ಕಾಲು ಹೊರಹಾಕಿ ನಡೆಯುತ್ತದೆ, ಆಗ ಅಂಗೈಗೆ ಹತ್ತಿಸಿಕೊಳ್ಳಬಹುದು.

ಹಾನಿ ಎಷ್ಟು? ಕುಂಡದ ಬಳ್ಳಿಗೆ ನಾಲ್ಕಾರು ದುಂಬಿ ಲೆಕ್ಕಕ್ಕಿಲ್ಲ. ತೂತು ಬಿದ್ದ ಎಲೆಗಳ ನಡುವೆಯೇ ಹೊಸ ಚಿಗುರು ಬರುತ್ತದೆ. ಗೆಣಸಿನ ನಿಜವಾದ ವೈರಿ ಗಡ್ಡೆಯನ್ನೇ ಕೊರೆಯುವ ಮೂತಿಹುಳು. ಬೆಳಗಾವಿ ಕಡೆ ಗೆಣಸನ್ನೇ ನೆಚ್ಚಿದ ರೈತರು ಹೆದರಬೇಕಾದದ್ದು ಅದಕ್ಕೆ. ಎಳೆಯ ನಾಟಿಯ ಮೇಲೆ ಮರಿಗಳ ಗುಂಪು ಕಂಡರೆ ಆ ಎಲೆಯನ್ನು ಚಿವುಟಿ ತೆಗೆದರಾಯಿತು. ಕೋಶದ ಬೆನ್ನಲ್ಲಿ ಸೂಜಿ ಚುಚ್ಚಿದಂಥ ದುಂಡು ರಂಧ್ರವಿದ್ದರೆ ಅದನ್ನು ಮುಟ್ಟಬೇಕಿಲ್ಲ. ಒಳಗೆ ಬೆಳೆದ ಪುಟ್ಟ ಪರಾವಲಂಬಿ ಕಣಜಗಳು ಆಗಲೇ ಕೆಲಸ ಮುಗಿಸಿ ಹೊರಟಿವೆ, ಸ್ಪ್ರೇ ಹೊಡೆದರೆ ಸಾಯುವುದು ಅವೇ.

ಎಲ್ಲ ಆಮೆ ದುಂಬಿಗಳೂ ಹೀಗೆ ಸಾಧುವೆಂದು ತಿಳಿಯಬಾರದು. ಶಿವನೆ ಮರದ ತೋಪು ಹಾಕಿದವರಿಗೆ ಕ್ರಾಸ್ಪೆಡೋಂಟಾ ಲೀಯಾನಾ ದೊಡ್ಡ ತಲೆನೋವು. ಮರಕ್ಕೆ ಮರವೇ ಎಲೆ ಕಳೆದುಕೊಂಡು ಬೋಳಾಗುವುದುಂಟು. ಇನ್ನೊಂದು ತುದಿಯಲ್ಲಿ ಫ್ಲಾರಿಡಾ ಇದೆ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಹಬ್ಬಿದ ಸೊಲಾನಮ್ ವಿಯಾರಮ್ ಎಂಬ ಮುಳ್ಳುಗಿಡವನ್ನು ಹತೋಟಿಗೆ ತರಲು ದಕ್ಷಿಣ ಅಮೆರಿಕದಿಂದ ತಂದ ಗ್ರೇಷಿಯಾನಾ ಬೊಲಿವಿಯಾನಾ ಎಂಬ ಆಮೆ ದುಂಬಿಯನ್ನು 2003ರಿಂದ ಬೇಕೆಂದೇ ಬಿಟ್ಟಿದ್ದಾರೆ. ಒಂದೇ ಗಿಡಕ್ಕೆ ಅಂಟಿಕೊಳ್ಳುವ ಅದರ ಹಟವೇ ಅಲ್ಲಿ ಕೆಲಸಕ್ಕೆ ಬಂದಿದೆ.