ಕೊಕ್ಕೊ ಎಂಬ ಹೆಸರು ಬಂದ ದಾರಿ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಸಂಘದ ಮೂವರು ಸದಸ್ಯರು ಒಂದೇ ಸಂಶಯವನ್ನು ಹೊತ್ತು ಕಚೇರಿಗೆ ಬಂದರು. ಸಸಿ ಮಾರುವವನೊಬ್ಬ ಅವರ ತೋಟಗಳಿಗೆ ಬಂದು, "ನಿಮ್ಮಲ್ಲಿರುವುದು ಬರೇ ಕೊಕ್ಕೊ. ನಾನು ಕೊಡುವುದು ಕಕಾವೊ. ಜಾತಿಯೇ ಬೇರೆ, ಪರದೇಶದಲ್ಲಿ ಅದಕ್ಕೇ ಬೆಲೆ" ಎಂದು ನಂಬಿಸಿ, ಮಾಮೂಲು ಸಸಿಯ ಮೂರು ಪಟ್ಟು ದರ ಹೇಳಿ ಮುಂಗಡವನ್ನೂ ಪಡೆದು ಹೋಗಿದ್ದನಂತೆ. ಸಾಕ್ಷಿಗೆಂದು, ಮೇಲೆ 'ಕಕಾವೊ' ಎಂದು ಅಚ್ಚಾಗಿದ್ದ ಒಂದು ಚಾಕೊಲೇಟಿನ ಪೊಟ್ಟಣವನ್ನು ತೋರಿಸಿದ್ದನಂತೆ. "ಹೌದಾ ಸೆಕ್ರೆಟರಿಗಳೆ, ಇದು ಬೇರೆಯಾ?" ಎಂದು ಅವರಲ್ಲಿ ಹಿರಿಯರು ಕೇಳಿದರು. ಅಲ್ಲ ಎಂದೆವು. ಕೊಟ್ಟ ಮುಂಗಡ ಮಾತ್ರ ಮರಳಿ ಬರಲಿಲ್ಲ. ಆದುದರಿಂದ ಈ ಸಲ ಗೊಬ್ಬರ, ಬೋರ್ಡೊ ದ್ರಾವಣಗಳ ವಿಷಯವನ್ನು ಬದಿಗಿಟ್ಟು ಒಂದು ಪದದ ಚರಿತ್ರೆಯನ್ನು ಬರೆಯುತ್ತಿದ್ದೇವೆ.

ಕೊಕ್ಕೊದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡುಗಳು. ಆದರೆ ನಾವು ಇಂದು ಬಳಸುವ ಹೆಸರು ಹುಟ್ಟಿದ್ದು ಅದರಿಂದ ಉತ್ತರಕ್ಕೆ, ಈಗಿನ ಮೆಕ್ಸಿಕೊ-ಗ್ವಾಟೆಮಾಲಗಳ ಸೀಮೆಯಲ್ಲಿ. ಅಲ್ಲಿನ ಮಾಯಾ ಜನರು ಗಿಡವನ್ನೂ ಬೀಜವನ್ನೂ 'ಕಕಾವ್' ಎಂದು ಕರೆಯುತ್ತಿದ್ದರು. ಮಾಯಾ ಲಿಪಿಯಲ್ಲಿ ಇಡೀ ಪದವನ್ನು ಸೂಚಿಸುವ ಗುರುತುಗಳೂ ನಮ್ಮ ಅಕ್ಷರಗಳಂತೆ ಉಚ್ಚಾರವನ್ನು ಸೂಚಿಸುವ ಗುರುತುಗಳೂ ಉಂಟು. 'ಕ' ಎಂಬುದಕ್ಕೆ ಅವರು ಬರೆಯುತ್ತಿದ್ದುದು ಮೀನಿನ ಚಿತ್ರ. 1984ರಲ್ಲಿ ಗ್ವಾಟೆಮಾಲದ ರಿಯೊ ಅಸುಲ್ ಎಂಬಲ್ಲಿ ಕ್ರಿ. ಶ. 5ನೇ ಶತಮಾನದ ಸಮಾಧಿಯೊಂದನ್ನು ಅಗೆದಾಗ, ತಿರುಗಿಸಿ ಬಿಗಿಮಾಡುವ ಮುಚ್ಚಳವಿದ್ದ ಒಂದು ಮಣ್ಣಿನ ಪಾತ್ರೆ ಸಿಕ್ಕಿತು. ಅದರ ಮೇಲಿನ ಬರಹವನ್ನು ಡೇವಿಡ್ ಸ್ಟುವರ್ಟ್ ಎಂಬ ವಿದ್ವಾಂಸರು 'ಕಕಾವ್' ಎಂದು ಓದಿದರು. ಪಾತ್ರೆಯೊಳಗೆ ಅಂಟಿದ್ದ ಕರೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ, ಕೊಕ್ಕೊದಲ್ಲಿರುವ ಥಿಯೋಬ್ರೊಮಿನ್ ಎಂಬ ವಸ್ತುವೇ ದೊರೆಯಿತು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಪಾತ್ರೆಯ ಹೊರಗಿನ ಹೆಸರೂ ಒಳಗಿನ ವಸ್ತುವೂ ತಾಳೆಯಾದವು! ಇಂದಿನ ಎಷ್ಟು ಪೊಟ್ಟಣಗಳ ಬಗ್ಗೆ ಈ ಮಾತನ್ನು ಹೇಳಬಹುದೋ ಕಾಣೆವು.

ಮಾಯಾ ಜನರಿಗೂ ಈ ಪದ ಇನ್ನೂ ಹಳೆಯ ಮಿಹೆ-ಸೋಕೆ ಭಾಷಾವರ್ಗದಿಂದ ಬಂದಿತೆಂದು ಕೆಲವು ಪಂಡಿತರು, ಅಲ್ಲವೆಂದು ಕೆಲವರು ವಾದಿಸುತ್ತಾರೆ. ಆ ಚರ್ಚೆ ಅವರಿಗಿರಲಿ. ಮುಂದೆ ಅಜ್ಟೆಕರ ನಹುವಾಟ್ಲ್ ಭಾಷೆಯಲ್ಲಿ ಅದು 'ಕಕವಾಟ್ಲ್' ಎಂದಾಯಿತು. ಈ ಪದ ಎಷ್ಟು ಬಳಕೆಯಲ್ಲಿತ್ತೆಂದರೆ, ನೆಲದೊಳಗೆ ಕಾಯಿ ಬಿಡುವ ಶೇಂಗಾವನ್ನು ಅವರು 'ನೆಲದ ಕಕವಾಟ್ಲ್' ಎಂದರು. ನಮ್ಮವರು ಅದೇ ಶೇಂಗಾವನ್ನು ನೆಲಗಡಲೆ ಎಂದದ್ದೂ ಇದೇ ಜಾಡಿನಲ್ಲಿ. ಮೆಕ್ಸಿಕೊದಲ್ಲಿ ಇವತ್ತಿಗೂ ಶೇಂಗಾಕ್ಕೆ 'ಕಕವಾತೆ' ಎಂಬ ಹೆಸರೇ ಇದೆ.

ಆ ಸೀಮೆಯಲ್ಲಿ ಕೊಕ್ಕೊ ಬೀಜ ಪಾನೀಯಕ್ಕಷ್ಟೇ ಅಲ್ಲ, ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಮೆಕ್ಸಿಕೊದ ತ್ಲಸ್ಕಾಲ ಎಂಬಲ್ಲಿನ 1545ರ ದರಪಟ್ಟಿಯೊಂದು ಉಳಿದುಬಂದಿದೆ. ಅದರ ಪ್ರಕಾರ ಒಂದು ಒಳ್ಳೆಯ ಹೆಣ್ಣು ಟರ್ಕಿ ಕೋಳಿಗೆ 100 ತುಂಬಿದ ಬೀಜ. ಮುರುಟಿದ ಬೀಜವಾದರೆ 120. ನಾವು ಅಡಕೆಯಲ್ಲಿ ಪಟೋರ, ಕರಿಗೋಟುಗಳನ್ನು ಬೇರೆ ಮಾಡಿ ದರ ಕಟ್ಟುವಂತೆ ಅವರೂ ಕಟ್ಟಿದ್ದರು. ನಾಣ್ಯ ಇದ್ದಲ್ಲಿ ಖೋಟಾ ನಾಣ್ಯವೂ ಇರಲೇಬೇಕಷ್ಟೆ. ಹಿಟ್ಟಿನ ಮುದ್ದೆ, ಮೇಣ, ಬೆಣ್ಣೆಹಣ್ಣಿನ ಗೊರಟು ಇವುಗಳಿಂದ ಹುಸಿ ಬೀಜ ಮಾಡಿ ಒಳ್ಳೆಯದರ ಜೊತೆ ಬೆರೆಸುತ್ತಿದ್ದ ವ್ಯಾಪಾರಿಗಳ ವಿಷಯವನ್ನು ಸಹಗೂನ್ ಎಂಬ ಪಾದ್ರಿ ಅದೇ 16ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಸಸಿ ಮಾರುವವನ ಮನೆತನ ಹಳೆಯದು!

ಸ್ಪೇನಿನವರು ಈ ಪದವನ್ನು 'ಕಕಾವೊ' ಮಾಡಿಕೊಂಡರು. ಇಂಗ್ಲಿಷರ ಕೈಗೆ ಬಂದಾಗ ಅದು ಕೆಟ್ಟಿತು. ಕೆಡಿಸಿದ್ದು ನಮ್ಮ ತೆಂಗಿನಕಾಯಿ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಕಾಯಿ ಸುಲಿದು ನೋಡಿ, ಆ ಮೂರು ಕಣ್ಣುಗಳಲ್ಲಿ ಒಂದು ವಿಕಾರ ಮುಖವನ್ನು ಕಂಡು 'ಕೋಕೊ' ಎಂದರು. ಅವರ ಭಾಷೆಯಲ್ಲಿ ಕೋಕೊ ಎಂದರೆ ಮಕ್ಕಳನ್ನು ಹೆದರಿಸುವ ಗುಮ್ಮ. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯ ದ ಓರ್ತ 1563ರ ತನ್ನ ಗ್ರಂಥದಲ್ಲಿ, ಆ ಮೂರು ತೂತುಗಳು ಕೋತಿಯ ಮುಖದಂತಿವೆ ಎಂದಿದ್ದಾನೆ. ಅವೇ ಮೂರು ಕಣ್ಣುಗಳಲ್ಲಿ ನಮ್ಮ ಹಿರಿಯರು ಮುಕ್ಕಣ್ಣನನ್ನು ಕಂಡರು. ನೋಡುವವರ ಮೇಲೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಕೋಕೊ ಎಂಬ ತೆಂಗೂ ಕಕಾವೊ ಎಂಬ ಬೀಜವೂ ದೂರ ದೇಶದ ಸರಕುಗಳು. ಎರಡರ ಗಿಡವನ್ನೂ ಕಂಡವರು ಕಡಿಮೆ. ಬರಹದಲ್ಲಿ ಎರಡೂ ಕಲಸಿಹೋಗಿ 'ಕೋಕೋ' ಎಂಬ ರೂಪ ಬಂತು. 1755ರಲ್ಲಿ ಸಾಮ್ಯುಯೆಲ್ ಜಾನ್ಸನ್ ಪ್ರಕಟಿಸಿದ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿ ಈ ಗೊಂದಲ ಅಚ್ಚುಕಟ್ಟಾಗಿ ಅಚ್ಚಾಯಿತು. 'ಕೋಕೋ' ಎಂಬಲ್ಲಿ ಪದದ ಮೂಲವನ್ನು ಕಕಾವೊದಿಂದ ಹೇಳಿ, ವರ್ಣಿಸಿದ್ದು ಮಾತ್ರ ತಾಳೆಯ ಜಾತಿಯ ಮರವನ್ನು! ಅದರ ಎರಡೇ ವರ್ಷ ಹಿಂದೆ, 1753ರಲ್ಲಿ, ಸ್ವೀಡನ್ನಿನ ಲಿನೀಯಸ್ ಈ ಗಿಡಕ್ಕೆ 'ಥಿಯೋಬ್ರೊಮ ಕಕಾವೊ' ಎಂಬ ಶಾಸ್ತ್ರೀಯ ಹೆಸರನ್ನಿಟ್ಟಿದ್ದ. ಮೊದಲ ಭಾಗಕ್ಕೆ ಗ್ರೀಕಿನಲ್ಲಿ ದೇವತೆಗಳ ಆಹಾರವೆಂದು ಅರ್ಥ. ಎರಡನೆಯದು ಆ ಹಳೆಯ ಹೆಸರೇ. ಸಸ್ಯಶಾಸ್ತ್ರದಲ್ಲಿ ಕಕಾವೊ, ವ್ಯಾಪಾರದಲ್ಲಿ ಕೋಕೋ, ನಮ್ಮ ಬಾಯಲ್ಲಿ ಕೊಕ್ಕೊ. ಮೂರೂ ಒಂದೇ.

ದೂರದವರನ್ನು ನಕ್ಕು ಫಲವಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೇ ಸಾಲದ ಅರ್ಜಿಯಲ್ಲಿ ಅಡಕೆಯ ನಡುವಿನ 250 ಕೊಕ್ಕೊ ಗಿಡಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದೆವು. ಗುಮಾಸ್ತರೊಬ್ಬರು ಅದನ್ನು ತೆಂಗೆಂದೇ ನಮೂದಿಸಿಕೊಂಡರು. ಒಂದೆಕರೆ ಅಡಕೆ ತೋಟದೊಳಗೆ 250 ತೆಂಗಿನ ಮರ! ಅದನ್ನು ಸರಿಪಡಿಸಲು ಎರಡು ತಿಂಗಳು ಅಲೆದೆವು. ಅಂದಿನಿಂದ ಅರ್ಜಿಗಳಲ್ಲಿ ಕನ್ನಡದಲ್ಲೇ ಕೊಕ್ಕೊ ಎಂದು ಬರೆಯುತ್ತಿದ್ದೇವೆ.

ಇತ್ತೀಚೆಗೆ ಕೆಲವು ಕಂಪೆನಿಗಳು ಹೆಚ್ಚು ಹುರಿಯದ ಪುಡಿಗೆ, ದುಬಾರಿ ಚಾಕೊಲೇಟಿಗೆ 'ಕಕಾವೊ' ಎಂಬ ಹೆಸರನ್ನೇ ಆರಿಸಿಕೊಳ್ಳುತ್ತಿವೆ. ಅದು ಮಾರಾಟದ ಜಾಣ್ಮೆ. ಮರದ ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಜಾತಿಭೇದ ಬೇರೆ ಇದೆ. ಕ್ರಿಯೊಲ್ಲೊ, ಫೊರಾಸ್ಟೆರೊ, ಇವೆರಡರ ಬೆರಕೆಯಾದ ಟ್ರಿನಿಟಾರಿಯೊ ಎಂಬವು ಹಿಂದಿನಿಂದ ಹೇಳಿಕೊಂಡು ಬಂದ ಮೂರು ಬಗೆ. ನಮ್ಮ ದೇಶದ ತೋಟಗಳಲ್ಲಿ ಹೆಚ್ಚಾಗಿ ಇರುವುದು ಫೊರಾಸ್ಟೆರೊ. 1970ರ ದಶಕದಲ್ಲಿ ದಕ್ಷಿಣ ಕನ್ನಡದ ಅಡಕೆ ತೋಟಗಳಿಗೆ ಹರಡಿದ್ದೂ, 1980ರ ಸುಮಾರಿಗೆ ಬೆಲೆ ಕುಸಿದಾಗ ಎಷ್ಟೋ ಮಂದಿ ಕಡಿದು ಹಾಕಿದ್ದೂ, ಕ್ಯಾಂಪ್ಕೊ ಖರೀದಿಗೆ ಇಳಿದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಾಗ ಉಳಿಸಿಕೊಂಡವರು ನಿಟ್ಟುಸಿರು ಬಿಟ್ಟದ್ದೂ ಇದೇ ಗಿಡದ ಕಥೆ.

ಸಸಿ ಕೊಳ್ಳುವಾಗ ಕೇಳಬೇಕಾದದ್ದು ಕೊಕ್ಕೊವೋ ಕಕಾವೊವೋ ಎಂದಲ್ಲ. ತಳಿ ಯಾವುದು, ಕಸಿಯೋ ಬೀಜದ ಸಸಿಯೋ, ಕಡ್ಡಿ ಅಥವಾ ಬೀಜ ತಂದ ತಾಯಿಮರ ಎಲ್ಲಿದೆ ಎಂದು ಕೇಳಿ. ಕೊಕ್ಕೊದಲ್ಲಿ ತನ್ನದೇ ಪರಾಗದಿಂದ ಕಾಯಿ ಕಚ್ಚದ ಮರಗಳು ಬಹಳ. ಅಂಥ ಒಂದೇ ಮರದ ಕಸಿಯನ್ನು ತೋಟವಿಡೀ ನೆಟ್ಟರೆ ಹೂ ಬಿಟ್ಟೀತು, ಕಾಯಿ ನಿಲ್ಲದು. ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದವರು ಆಯ್ದ ತಳಿಗಳ ಬಗ್ಗೆ ಮಾಹಿತಿ ಕೊಡುತ್ತಾರೆ. ಬಿಲ್ಲಿನಲ್ಲಿ ತಳಿಯ ಹೆಸರು ಬರೆಯಲು ಒಪ್ಪದವನಿಗೆ ಮುಂಗಡ ಕೊಡಬೇಡಿ. ಬರೆದುಕೊಟ್ಟರೆ ಆ ಬಿಲ್ಲನ್ನು ಹಣ ಕೊಡುವ ಮೊದಲು ಒಮ್ಮೆ ಸಂಘದ ಕಚೇರಿಗೆ ತಂದು ತೋರಿಸಿ.