ಡಿ ವಿಟಮಿನ್ ಸರಿಪಡಿಸಿಕೊಳ್ಳಿ, ಗಂಡನ ತಪಾಸಣೆಯನ್ನೂ ಮಾಡಿಸಿ

ಪ್ರಶ್ನೆ: ನನಗ 26 ವರ್ಷ. ಲಗ್ನಾಗಿ ಮೂರು ವರ್ಷಾತು, ಇನ್ನೂ ಮಕ್ಕಳಾಗಿಲ್ಲ. ನಮ್ಮದು ನೇಕಾರರ ಮನಿ, ದಿನಾ ಪೂರ್ತಿ ಒಳಗ ಮಗ್ಗದ ಕೆಲಸ. ರಕ್ತ ತಪಾಸಣಿ ಮಾಡಿಸಿದ್ರ ಡಿ ವಿಟಮಿನ್ 11 ಬಂದೈತಿ. ಅದಕ್ಕ ಮಕ್ಕಳಾಗವಲ್ವು ಅಂತ ಮನ್ಯಾಗ ಎಲ್ಲಾರೂ ಅನ್ನಾಕತ್ತಾರ. ಗುಳಿಗಿ ತಗೊಂಡ್ರ ಸರಿ ಹೋಗತೈತೇನ್ರಿ?
– ಓದುಗರು, ರಾಮದುರ್ಗ ತಾಲೂಕು

ಉತ್ತರ: ತಂಗೆವ್ವ, 11 ಅಂದರೆ ಕಡಿಮೆಯೇ. ರಕ್ತದ ಒಂದು ಮಿಲಿಲೀಟರಿನಲ್ಲಿ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತೇವೆ. ನಿಮ್ಮ ಎಲುಬಿಗೆ, ಸ್ನಾಯುವಿಗೆ, ನಾಳೆ ಬಸಿರಾದಾಗ ಕೂಸಿನ ಎಲುಬಿಗೆ ಇದು ಬೇಕೇ ಬೇಕು. ವೈದ್ಯರು ಬರೆದುಕೊಟ್ಟ ಗುಳಿಗೆ ತಪ್ಪದೆ ತಗೊಳ್ಳಿ. ಆದರೆ ಮಕ್ಕಳಾಗದಿರಲು ಇದೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆ ಅನ್ನಿಸಲು ಕಾರಣವೇನೋ ಇದೆ. ಅಂಡಾಶಯ, ಗರ್ಭಕೋಶದ ಒಳಪದರ, ಗಂಡಸಿನ ವೃಷಣ, ವೀರ್ಯಾಣು, ಎಲ್ಲ ಕಡೆಯೂ ಡಿ ವಿಟಮಿನ್ನಿಗೆ ಸ್ಪಂದಿಸುವ ಗ್ರಾಹಕಗಳಿವೆ. ಬಂಜೆತನದ ಚಿಕಿತ್ಸೆ ಪಡೆದವರಲ್ಲಿ ಈ ವಿಟಮಿನ್ ಸಾಕಷ್ಟಿದ್ದ ಹೆಂಗಸರಿಗೆ ಮಗು ಹುಟ್ಟಿದ ಪ್ರಮಾಣ ಹೆಚ್ಚಿತ್ತು ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. ಹಾಗಿದ್ದರೆ ಕೊಟ್ಟೇ ನೋಡೋಣ ಎಂದು ಇಟಲಿಯ ವೈದ್ಯರು ಪ್ರಣಾಳ ಶಿಶು ಚಿಕಿತ್ಸೆಗೆ ಮುಂಚೆ 6 ಲಕ್ಷ ಯೂನಿಟ್ಟನ್ನು ಒಂದೇ ಸಲ ಕೊಟ್ಟರು. 2021ರಲ್ಲಿ ಫಲಿತಾಂಶ ಬಂತು: ಔಷಧಿ ಪಡೆದವರಲ್ಲಿ ಗರ್ಭ ನಿಂತ ಪ್ರಮಾಣ ಪಡೆಯದವರಿಗಿಂತ ಹೆಚ್ಚಿರಲಿಲ್ಲ. ಡೆನ್ಮಾರ್ಕಿನಲ್ಲಿ ಗಂಡಸರಿಗೆ ಕೊಟ್ಟಾಗಲೂ ವೀರ್ಯದ ಗುಣಮಟ್ಟ ಸುಧಾರಿಸಲಿಲ್ಲ. ಹಾಗಾದರೆ ಮೊದಲಿನ ವಿಶ್ಲೇಷಣೆಯಲ್ಲಿ ವ್ಯತ್ಯಾಸ ಕಂಡದ್ದೇಕೆ? ಬೊಜ್ಜಿಲ್ಲದವರಲ್ಲಿ, ಹೊರಗೆ ಓಡಾಡುವವರಲ್ಲಿ ಡಿ ವಿಟಮಿನ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮಕ್ಕಳಾಗಲು ನೆರವಾದದ್ದು ಆ ಒಟ್ಟು ಆರೋಗ್ಯವೇ ಇರಬಹುದು.

ನಿಮ್ಮ ಪತ್ರದಲ್ಲಿ ನಿಮ್ಮ ರಿಪೋರ್ಟ್ ಇದೆ, ಯಜಮಾನರದು ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನಲ್ಲೂ ತೊಂದರೆ ಇರುತ್ತದೆ. ವೀರ್ಯ ತಪಾಸಣೆಗೆ ಸೂಜಿ ಇಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಬಂಧ ಬಿಟ್ಟಿದ್ದು ಮಾದರಿ ಕೊಟ್ಟರೆ ಆಯಿತು. ಸೊಸೆಯನ್ನು ದವಾಖಾನೆಯಿಂದ ದವಾಖಾನೆಗೆ, ಗುಡಿಯಿಂದ ಗುಡಿಗೆ ಅಲೆದಾಡಿಸಿ, ಮಗನನ್ನು ಒಂದು ಸಲವೂ ಲ್ಯಾಬಿಗೆ ಕಳಿಸದ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಯಜಮಾನರು ಗುಟ್ಕಾ, ತಂಬಾಕು ಹಾಕುತ್ತಿದ್ದರೆ ಇಂದೇ ಬಿಡಿಸಿ. ಅದರಿಂದ ವೀರ್ಯಾಣು ಕೆಡುತ್ತವೆ.

ನಿಮಗೆ ಥೈರಾಯ್ಡ್ ತಪಾಸಣೆ, ಮುಟ್ಟು ಏರುಪೇರಿದ್ದರೆ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆಯ ಪರೀಕ್ಷೆ, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ ಬೇಕಾದೀತು. ನಮ್ಮ ದೇಶದಲ್ಲಿ ಗರ್ಭನಾಳದ ಕ್ಷಯವನ್ನೂ ಮರೆಯುವಂತಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಗಸಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ತಪಾಸಣೆಗೆ ಹೋಗಬೇಕು. ನೀವು ಮೂರು ವರ್ಷ ಕಾದದ್ದು ಸಾಕು. ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬೆಳಗಾವಿಯ ಬಿಮ್ಸ್‌ಗೋ ಹುಬ್ಬಳ್ಳಿಯ ಹಿಂದಿನ ಕಿಮ್ಸ್, ಈಗಿನ ಕೆಎಂಸಿಆರ್‌ಐ‌ಗೋ ಇಬ್ಬರೂ ಜೋಡಿಯಾಗಿ ಹೋಗಿ. ಫೋಲಿಕ್ ಆ್ಯಸಿಡ್ ಗುಳಿಗೆಯನ್ನು ಈಗಿನಿಂದಲೇ ಶುರು ಮಾಡಿ.

ಪ್ರಶ್ನೆ: ನಮ್ಮ ಕಡೆ ಇಷ್ಟು ಬಿಸಲು ಇದ್ದರೂ ಕೊರತಿ ಹೆಂಗ ಆಗತೈತ್ರಿ? ಮುಂಜಾನಿ ಎಳಿಬಿಸಲು ಸಾಕೇನು?
– ಓದುಗರು, ಸವದತ್ತಿ

ಉತ್ತರ: ಸಾಕಾಗುವುದಿಲ್ಲ. ಚರ್ಮದಲ್ಲಿ ಡಿ ವಿಟಮಿನ್ ತಯಾರಾಗಲು ಬೇಕಾದ ಕಿರಣಗಳು ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ತಿರುಪತಿಯಲ್ಲಿ ನಡೆದ ಸಂಶೋಧನೆಯಲ್ಲಿ 11ರಿಂದ 2 ಗಂಟೆಯ ಬಿಸಿಲು ಹೆಚ್ಚು ಉಪಯುಕ್ತವೆಂದು ಕಂಡಿತು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಾಗ ಮುಖ, ಕೈ, ಕಾಲಿಗೆ ಬಿಸಿಲು ಬೀಳಲಿ. ಬ್ಯಾಸಗಿಯಲ್ಲಿ ಹನ್ನೊಂದರ ಸುಮಾರಿಗೆ ಸ್ವಲ್ಪ ಹೊತ್ತು ನಿಂತರೆ ಸಾಕು, ರಣಬಿಸಿಲಿನಲ್ಲಿ ಬಳಲಬೇಡಿ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಹೊಲದಲ್ಲಿ ದುಡಿಯುವವರಿಗಿಂತ ಮಗ್ಗ, ಅಂಗಡಿ, ಆಫೀಸು ಎಂದು ಒಳಗಿರುವವರಿಗೆ ಕೊರತೆ ಹೆಚ್ಚು. ಕಿತ್ತೂರಿನ ಕಡೆ ಮಳೆಗಾಲದ ಮೋಡವೂ ಸೇರುತ್ತದೆ. ರೊಟ್ಟಿ, ಪಲ್ಯೆ, ಬೇಳೆಯಲ್ಲಿ ಈ ವಿಟಮಿನ್ ಇಲ್ಲವೆಂದೇ ಹೇಳಬೇಕು. ತತ್ತಿಯ ಹಳದಿ ಭಾಗ, ಮೀನು, ಪ್ಯಾಕೆಟ್ ಮೇಲೆ ‘ಪ್ಲಸ್ ಎಫ್’ ಗುರುತಿರುವ ಹಾಲು ಒಂದಿಷ್ಟು ಕೊಡುತ್ತವೆ.

ಪ್ರಶ್ನೆ: 60,000 ಯೂನಿಟ್ಟಿನ ಪುಡಿ ವಾರಕ್ಕೊಂದು ಬರೆದಿದ್ದರು. ಲಗೂನ ಗರ್ಭ ನಿಲ್ಲಲಿ ಅಂತ 15 ದಿನ ದಿನಾಲೂ ತಗೊಂಡೀನಿ. ಈಗ ಬಾಯಾರಿಕಿ ಭಾಳ ಆಗತೈತಿ.
– ಓದುಗರು, ಬೈಲಹೊಂಗಲ

ಉತ್ತರ: ಈ ಕ್ಷಣವೇ ನಿಲ್ಲಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ನಿಮ್ಮ ಮೈಗೆ 9 ಲಕ್ಷ ಸೇರಿದೆ. ಈ ವಿಟಮಿನ್ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ಹೆಚ್ಚಾದದ್ದು ಬೇಗ ಹೊರಗೆ ಹೋಗುವುದಿಲ್ಲ. ಅದು ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಕ್ಯಾಲ್ಸಿಯಂ ಗುಳಿಗೆ ನುಂಗುತ್ತಿದ್ದರೆ ಅದನ್ನೂ ನಿಲ್ಲಿಸಿ. ಇವತ್ತೇ ತಾಲೂಕು ಆಸ್ಪತ್ರೆಗೆ ಹೋಗಿ, ಉಳಿದ ಪುಡಿಯ ಪ್ಯಾಕೆಟ್ಟುಗಳನ್ನು ವೈದ್ಯರಿಗೆ ತೋರಿಸಿ, ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ರಕ್ತ ತಪಾಸಣೆ ಮಾಡಿಸಿ. ವಾಂತಿ ಆಗುತ್ತಿದ್ದರೆ ಅಥವಾ ಮಂಪರು ಕವಿದಂತಾದರೆ ರಾತ್ರಿಯಾದರೂ ಸರಿ, ಯಾರನ್ನಾದರೂ ಕರೆದುಕೊಂಡು ತುರ್ತು ವಿಭಾಗಕ್ಕೆ ಹೋಗಿ.